ಬಿಸಿಲಿನಿಂದ ಬಂದವರಿಗೆ ಮೊದಲು ಬೆಲ್ಲ ನೀರು: ಟೀಕೆ ಕೇಳಿ ನೊಂದವರ ಜೊತೆ ನಿಲ್ಲುವುದು ಹೇಗೆ?

ಕಳೆದ ತಿಂಗಳು ಒಂದು ಶುಕ್ರವಾರ ಸಂಜೆ ಅಕ್ಕನ ಮಗಳು ಬಸ್ಸಿಳಿದು ನೇರ ನಮ್ಮ ಮನೆಗೆ ಬಂದಳು. ಜೂನ್‌ನಿಂದ ಒಂದು ಶಾಲೆಯಲ್ಲಿ ದಿನವೇತನದ ಮೇಲೆ ಟೀಚರ್ ಆಗಿದ್ದಾಳೆ. ಚಪ್ಪಲಿ ಕಳಚಿದವಳು ಒಳಗೆ ಬರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕೂತು ಬ್ಯಾಗಿನ ಜಿಪ್ಪು ಎಳೆಯುವುದು, ಮುಚ್ಚುವುದು, ಮತ್ತೆ ಎಳೆಯುವುದು. ಆ ದಿನ ಪಿಟಿಎ (ಶಿಕ್ಷಕ-ರಕ್ಷಕ ಸಂಘ) ಸಭೆಯಲ್ಲಿ ಒಬ್ಬ ತಂದೆ ಎಲ್ಲರ ಎದುರು ಎದ್ದು ನಿಂತು, "ಈ ಟೀಚರ್ ಹೇಳುವುದು ಹಿಂದಿನ ಬೆಂಚಿಗೆ ಕೇಳುವುದೇ ಇಲ್ಲ. ಮಕ್ಕಳು ಗಲಾಟೆ ಮಾಡ್ತಾ ಇರ್ತಾರೆ. ಅನುಭವ ಇಲ್ಲದವರನ್ನು ಎಂತಕ್ಕೆ ತೆಗೆದುಕೊಳ್ಳುವುದು?" ಎಂದು ಕೇಳಿದರಂತೆ.

"ಚಿಕ್ಕಮ್ಮ, ಸೋಮವಾರದಿಂದ ನಾನು ಹೋಗುವುದಿಲ್ಲ" ಎಂದಳು.

ನನ್ನ ಬಾಯಿಗೆ ತಟ್ಟನೆ ಬಂದದ್ದು ಎರಡು ಮಾತು. ಒಂದು, "ಅವರಿಗೆ ಎಂತ ಗೊತ್ತು?" ಇನ್ನೊಂದು, "ಇಷ್ಟಕ್ಕೆಲ್ಲ ತಲೆಬಿಸಿ ಮಾಡಬೇಡ." ಎರಡೂ ಪ್ರೀತಿಯಿಂದಲೇ ಬರುವ ಮಾತುಗಳು. ಎರಡೂ ಆ ಹೊತ್ತಿಗೆ ಕೆಲಸಕ್ಕೆ ಬಾರದವು. ಅದು ಯಾಕೆ ಎಂದು ತಿಳಿಯಬೇಕಾದರೆ ಟೀಕೆ ಮನುಷ್ಯನ ಒಳಗೆ ಏನು ಮಾಡುತ್ತದೆ ಎಂದು ಸ್ವಲ್ಪ ನೋಡಬೇಕು.

ಇದು ಈಗ ನಮ್ಮ ಕಡೆಯ ತುಂಬಾ ಮನೆಗಳಿಗೆ ಬೇಕಾದ ವಿಷಯ. ಮಳೆ ಕಡಿಮೆಯಾಗಿ ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆಯಾದ ಕಲೋತ್ಸವ ಶುರುವಾಯಿತೆಂದರೆ ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಮಕ್ಕಳು ಯಕ್ಷಗಾನಕ್ಕೆ ಗೆಜ್ಜೆ ಕಟ್ಟುತ್ತಾರೆ, ಭಾಷಣಕ್ಕೆ ನಿಲ್ಲುತ್ತಾರೆ. ಕೆಲವರು ಎ ಗ್ರೇಡ್ ತರುತ್ತಾರೆ. ಕೆಲವರು ತೀರ್ಪುಗಾರರ ಒಂದು ಮಾತನ್ನು ಹೊತ್ತುಕೊಂಡು ಬರುತ್ತಾರೆ. ಮೊದಲಾದರೆ ಆ ಮಾತು ವೇದಿಕೆಯ ಹತ್ತಿರವೇ ಉಳಿಯುತ್ತಿತ್ತು. ಈಗ ರಾತ್ರಿಯೊಳಗೆ ವಿಡಿಯೊ ಕುಟುಂಬದ ವಾಟ್ಸಾಪ್ ಗುಂಪಿಗೆ ಬರುತ್ತದೆ, ಅದರ ಕೆಳಗೆ ನೆಂಟರೆಲ್ಲರ ಅಭಿಪ್ರಾಯವೂ ಬರುತ್ತದೆ. ಟೀಕೆಯನ್ನು ಎದುರಿಸುವುದು ಹೇಗೆ ಎಂದು ಹೇಳುವವರು ಬೇಕಷ್ಟು ಇದ್ದಾರೆ. ಟೀಕೆ ಕೇಳಿ ಮನೆಗೆ ಬಂದವರ ಪಕ್ಕದಲ್ಲಿ ಕೂರುವವರಿಗೆ ಹೇಳುವವರು ಕಡಿಮೆ. ಈ ಲೇಖನ ಆ ಪಕ್ಕದವರಿಗಾಗಿ.

## ಎಲ್ಲವೂ ಟೀಕೆ ಅಲ್ಲ

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಮಾಡಿದ ಕೆಲಸವನ್ನು ಕೂಲಂಕಷವಾಗಿ ನೋಡಿ, ಯಾವುದು ಚೆನ್ನಾಗಿದೆ, ಯಾವುದು ಆಗಿಲ್ಲ ಎಂದು ಕಾರಣ ಸಹಿತ ಹೇಳಿದರೆ ಅದು ವಿಮರ್ಶೆ. ಕೊರತೆಯನ್ನು ಮಾತ್ರ ಎತ್ತಿ ಹೇಳಿದರೆ ಟೀಕೆ. ಕೆಲಸವನ್ನು ಬಿಟ್ಟು ಮಾಡಿದವರನ್ನೇ ಹಿಡಿದರೆ ನಿಂದೆ. "ಮೂರನೇ ಲೆಕ್ಕದ ಕೊನೆಯ ಹಂತ ತಪ್ಪಿದೆ" ಎಂಬುದಕ್ಕೂ "ನಿನ್ನ ತಲೆಗೆ ಲೆಕ್ಕ ಹತ್ತುವುದಿಲ್ಲ" ಎಂಬುದಕ್ಕೂ ಇರುವ ದೂರ ಅದು.

ಇನ್ನೊಂದು ವ್ಯತ್ಯಾಸವೂ ಇದೆ. ಕಲೋತ್ಸವದ ಗ್ರೇಡ್ ಒಂದು ತೀರ್ಪು. ನೀನು ಎಲ್ಲಿ ನಿಂತಿದ್ದೀ ಎಂದು ಅದು ಹೇಳುತ್ತದೆ, ಮುಂದಿನ ಹೆಜ್ಜೆ ಹೇಗಿಡಬೇಕು ಎಂದು ಹೇಳುವುದಿಲ್ಲ. ಯಕ್ಷಗಾನ ಕಲಿಸುವ ಗುರುಗಳು "ಇಲ್ಲಿ ಹೆಜ್ಜೆ ತಾಳಕ್ಕಿಂತ ಮುಂದೆ ಓಡ್ತಾ ಉಂಟು" ಎಂದರೆ ಅದು ತಿದ್ದುವುದು. ತೀರ್ಪು ಕೇಳಿ ಬಂದ ಮಗುವಿಗೆ ನಾವು ತಿದ್ದಲು ಹೊರಟರೆ ಅದಕ್ಕೆ ಕೇಳಿಸುವುದು ಇನ್ನೊಂದು ತೀರ್ಪು. ಮನೆಗಳಲ್ಲಿ ಆಗುವ ಅರ್ಧ ಜಗಳ ಇಲ್ಲಿಂದಲೇ ಹುಟ್ಟುತ್ತದೆ ಎಂದು ನನಗೆ ಅನಿಸುತ್ತದೆ.

## ಬರೀ ಮಾತು ಇಷ್ಟು ನೋಯಿಸುವುದು ಯಾಕೆ?

ನಮ್ಮ ಮಿದುಳಿನ ಒಳಗೆ ಬಾದಾಮಿ ಗಾತ್ರದ ಒಂದು ಭಾಗ ಇದೆ. ಅದಕ್ಕೆ ಅಮಿಗ್ಡಲಾ ಎನ್ನುತ್ತಾರೆ. ಅಪಾಯ ಬಂತು ಎಂದು ಕೂಗಿ ಹೇಳುವ ಕೆಲಸದಲ್ಲಿ ಅದರ ಪಾಲು ದೊಡ್ಡದು. ತೋಟಕ್ಕೆ ಹೋಗುವಾಗ ದಾರಿಯಲ್ಲಿ ಹಗ್ಗ ಬಿದ್ದಿದ್ದರೆ ಹಾವು ಎಂದು ಕಾಲು ಹಿಂದಕ್ಕೆ ಹೋಗುತ್ತದೆ, ಅಲ್ವಾ? ನೋಡಿ ಯೋಚಿಸುವ ಮೊದಲೇ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲಾಗುತ್ತದೆ. ಸಭೆಯಲ್ಲಿ ನಾಲ್ಕು ಜನರ ಎದುರು ಯಾರಾದರೂ ಬೆರಳು ತೋರಿಸಿದರೆ ದೇಹ ಹೆಚ್ಚುಕಡಿಮೆ ಅದನ್ನೇ ಮಾಡುತ್ತದೆ. ಆ ಹೊತ್ತಿನಲ್ಲಿ ಸಾವಧಾನವಾಗಿ ತೂಗಿ ನೋಡುವ ಶಕ್ತಿ ಹಿಂದೆ ಸರಿದಿರುತ್ತದೆ. ಆಗ ಎಷ್ಟು ಒಳ್ಳೆಯ ಬುದ್ಧಿಮಾತು ಹೇಳಿದರೂ ಅದು ನಾಟುವುದಿಲ್ಲ.

2003ರಲ್ಲಿ ನವೋಮಿ ಐಸೆನ್‌ಬರ್ಗರ್, ಮ್ಯಾಥ್ಯೂ ಲೀಬರ್‌ಮನ್ ಮತ್ತು ಕಿಪ್ ವಿಲಿಯಮ್ಸ್ ಎಂಬ ವಿಜ್ಞಾನಿಗಳು ಒಂದು ಸರಳ ಪ್ರಯೋಗ ಮಾಡಿದರು. ಮಿದುಳಿನ ಸ್ಕ್ಯಾನ್ ಆಗುತ್ತಿರುವಾಗಲೇ ಜನರಿಗೆ ಕಂಪ್ಯೂಟರಿನಲ್ಲಿ ಚೆಂಡೆಸೆಯುವ ಆಟ ಆಡಲು ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಉಳಿದ ಇಬ್ಬರು ಆಟಗಾರರು ತಮ್ಮತಮ್ಮಲ್ಲೇ ಚೆಂಡು ಎಸೆದುಕೊಂಡರು, ಇವರಿಗೆ ಕೊಡಲೇ ಇಲ್ಲ. ಅಷ್ಟಕ್ಕೇ, ಮೈಯ ನೋವಿನ ಸಂಕಟಕ್ಕೆ ಸಂಬಂಧಪಟ್ಟ ಮಿದುಳಿನ ಒಂದು ಭಾಗ ಚುರುಕಾಯಿತು. ಗುಂಪಿನಿಂದ ಹೊರಗೆ ಬಿದ್ದೆ ಎಂಬ ಭಾವನೆಯನ್ನು ನಮ್ಮ ದೇಹ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎಲ್ಲರ ಎದುರಿನ ಟೀಕೆಯಲ್ಲಿ ಆ ಭಾವನೆ ಇದ್ದೇ ಇರುತ್ತದೆ.

ಒಳ್ಳೆಯದಕ್ಕಿಂತ ಕೆಟ್ಟದ್ದರ ಏಟು ಜೋರು ಎಂಬುದನ್ನೂ ಮನಶ್ಶಾಸ್ತ್ರಜ್ಞರು ಗಮನಿಸಿದ್ದಾರೆ. ರಾಯ್ ಬೌಮೈಸ್ಟರ್ ಮತ್ತು ಜೊತೆಯವರು 2001ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಇದನ್ನು ತೋರಿಸಿದರು. ನಮ್ಮ ಹುಡುಗಿಗೆ ಜೂನ್‌ನಿಂದ ಮಕ್ಕಳು ಕೊಟ್ಟ ಹೂವು, ಚೀಟಿ ಯಾವುದೂ ಆ ಸಂಜೆ ನೆನಪಿಗೆ ಬರಲಿಲ್ಲ. ಬಂದದ್ದು ಆ ಒಂದು ವಾಕ್ಯ ಮಾತ್ರ.

## ಮೊದಲು ಬೆಲ್ಲ ನೀರು

ನಮ್ಮ ಊರಿನಲ್ಲಿ ಬಿಸಿಲಿನಿಂದ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಬಂದ ಕಾರಣ ಕೇಳುವುದು ಆಮೇಲೆ. ಟೀಕೆ ಕೇಳಿ ಬಂದವರಿಗೂ ಇದೇ ಕ್ರಮ.

ಇಲ್ಲಿ ಬೆಲ್ಲ ನೀರು ಎಂದರೆ ಕೇಳಿಸಿಕೊಳ್ಳುವುದು. ಸುಮ್ನೆ ಹೂಂಗುಡುವುದಲ್ಲ. ಫೋನ್ ಕೆಳಗಿಟ್ಟು, ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಮರಳಿ ಹೇಳುವುದು. "ಅಂದರೆ, ಅವರು ಹೇಳಿದ್ದಕ್ಕಿಂತ ಎಲ್ಲರ ಎದುರು ಹೇಳಿದ್ದು ಜಾಸ್ತಿ ನೋವಾಯಿತಾ?" ಸರಿಯಾಗಿ ಹಿಡಿದಿದ್ದರೆ "ಹೌದು" ಎಂದು ಉಸಿರು ಬಿಡುತ್ತಾರೆ. ತಪ್ಪಿದ್ದರೆ "ಅಲ್ಲ, ಅದಲ್ಲ" ಎಂದು ಅವರೇ ತಿದ್ದುತ್ತಾರೆ. ಎರಡರಿಂದಲೂ ಲಾಭವೇ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್, ರಿಚರ್ಡ್ ಫಾರ್ಸನ್ ಜೊತೆಗೂಡಿ 1957ರಲ್ಲೇ ಈ ರೀತಿಯ ಕೇಳುವಿಕೆಯ ಬಗ್ಗೆ ಬರೆದಿದ್ದರು. ಇಂದಿಗೂ ಆಪ್ತ ಸಲಹೆಗಾರರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಇದು ಒಂದು.

ಭಾವನೆಗೆ ಹೆಸರು ಕೊಡಲು ನೆರವಾಗುವುದೂ ಒಳ್ಳೆಯದು. ಬೇಜಾರು ಎಂಬ ಒಂದೇ ಪದದ ಒಳಗೆ ನಾವು ಎಷ್ಟನ್ನು ತುಂಬಿಸುತ್ತೇವೆ! ಅದು ಅವಮಾನವಾ, ಹೆದರಿಕೆಯಾ, ಸಿಟ್ಟಾ, ಅನ್ಯಾಯವಾಯಿತು ಎಂಬ ಸಂಕಟವಾ? 2007ರಲ್ಲಿ ಲೀಬರ್‌ಮನ್ ಮತ್ತು ಜೊತೆಯವರು ಇನ್ನೊಂದು ಪ್ರಯೋಗ ಮಾಡಿದ್ದರು. ಸಿಟ್ಟಿನ, ಹೆದರಿದ ಮುಖಗಳ ಚಿತ್ರ ತೋರಿಸಿ ಆ ಭಾವನೆಯ ಹೆಸರನ್ನು ಆರಿಸಲು ಹೇಳಿದಾಗ ನೋಡುವವರ ಅಮಿಗ್ಡಲಾದ ಅಬ್ಬರ ಕಡಿಮೆಯಾಯಿತು. ಕತ್ತಲಲ್ಲಿ ಏನೋ ಸದ್ದಾದರೆ ಹೆದರುತ್ತೇವೆ, "ಬೆಕ್ಕು ಮಾರಾಯ್ತಿ" ಎಂದು ಗೊತ್ತಾದ ಕೂಡಲೇ ಎದೆ ಹಗುರಾಗುತ್ತದೆ. ಹಾಗೆಯೇ ಇದು.

ನನ್ನ ಅಕ್ಕನ ಮಗಳು ಸುಮಾರು ಹೊತ್ತಿನ ಮೇಲೆ ಹೇಳಿದ ಹೆಸರು ನಾನು ಊಹಿಸಿದ್ದೇ ಅಲ್ಲ. "ಹೆದರಿಕೆ ಚಿಕ್ಕಮ್ಮ. ಮುಂದಿನ ವರ್ಷ ತೆಗೆದುಕೊಳ್ಳದಿದ್ದರೆ?" ದಿನವೇತನದ ಕೆಲಸ. ಅವಮಾನದ ಕೆಳಗೆ ಕೆಲಸ ಹೋಗುವ ಭಯ ಕೂತಿತ್ತು. "ಅವರಿಗೆ ಎಂತ ಗೊತ್ತು" ಎಂದು ನಾನು ಶುರು ಮಾಡಿದ್ದರೆ ಅದು ಹೊರಗೆ ಬರುತ್ತಲೇ ಇರಲಿಲ್ಲ.

## ನಮ್ಮವರ ಪಕ್ಷ ವಹಿಸಿದರೆ ತಪ್ಪೇನು?

ತಪ್ಪಿಲ್ಲ, ಸ್ವಲ್ಪದಲ್ಲಿದ್ದರೆ. "ನಾನು ನಿನ್ನ ಜೊತೆ ಇದ್ದೇನೆ" ಎಂಬುದು ಅವರಿಗೆ ಗೊತ್ತಾಗಲೇಬೇಕು. ಆದರೆ ಜೊತೆಗಿರುವುದು ಬೇರೆ, ಎದುರಿನವರನ್ನು ಬೈಯುವುದು ಬೇರೆ. ಬೈದರೆ ಸಿಟ್ಟು ಹೊರಗೆ ಹೋಗಿ ಮನಸ್ಸು ತಣ್ಣಗಾಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಬ್ರಾಡ್ ಬುಷ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು, ಏನೂ ಮಾಡದೆ ಸುಮ್ಮನೆ ಕೂತವರ ಸಿಟ್ಟಿಗಿಂತ ಜಾಸ್ತಿಯೇ ಇತ್ತು.

ಅದೇ ವರ್ಷ ಅಮಾಂಡ ರೋಸ್ ಎಂಬ ಸಂಶೋಧಕಿ ಶಾಲಾ ಮಕ್ಕಳ ಗೆಳೆತನವನ್ನು ಅಧ್ಯಯನ ಮಾಡಿದಾಗ ಇನ್ನೊಂದು ವಿಷಯ ಕಂಡಿತು. ಇಬ್ಬರು ಕೂತು ಒಂದೇ ಕಷ್ಟವನ್ನು ಮತ್ತೆ ಮತ್ತೆ ಮೆಲುಕು ಹಾಕುತ್ತಿದ್ದರೆ ಗೆಳೆತನ ಹತ್ತಿರವಾಗುತ್ತದೆ, ನಿಜ. ಜೊತೆಗೆ ಅಂಥವರಲ್ಲಿ ಖಿನ್ನತೆ ಮತ್ತು ಆತಂಕದ ಲಕ್ಷಣಗಳೂ ಜಾಸ್ತಿ ಕಂಡವು. ಕೇಳಿಸಿಕೊಳ್ಳುವುದಕ್ಕೂ ಮೆಲುಕು ಹಾಕುವುದಕ್ಕೂ ಗೆರೆ ಎಲ್ಲಿದೆ? ನಾನು ನೋಡುವುದು ಇಷ್ಟು: ಎರಡನೇ ಸಲ ಹೇಳುವಾಗ ಕತೆಯಲ್ಲಿ ಹೊಸ ವಿವರ ಬರುತ್ತಿದ್ದರೆ ಅವರಿಗೆ ಇನ್ನೂ ಹೇಳಲಿಕ್ಕಿದೆ. ಅದೇ ವಾಕ್ಯ, ಅದೇ ಸ್ವರದಲ್ಲಿ ನಾಲ್ಕನೇ ಸಲ ಬಂದರೆ ಎದ್ದು ಒಂದು ಸುತ್ತು ತೋಟಕ್ಕೆ ಹೋಗಿ ಬರುವ ಹೊತ್ತು.

ಹಾಗೆಂದು "ಅವರು ನಿನ್ನ ಒಳ್ಳೆಯದಕ್ಕೇ ಹೇಳಿದ್ದು" ಎಂದು ತಕ್ಷಣ ಆ ಕಡೆಗೆ ವಾಲಬಾರದು. ಗಾಯಕ್ಕೆ ಉಪ್ಪು ಸವರಿದ ಹಾಗೆ ಆಗುತ್ತದೆ.

## ಅಡಿಕೆ ಹೆಕ್ಕಿದ ಹಾಗೆ

ಮನಸ್ಸು ತುಸು ತಣ್ಣಗಾದ ಮೇಲೆ, ಅದು ಆ ಸಂಜೆಯೇ ಇರಬಹುದು, ಮರುದಿನವೂ ಇರಬಹುದು, ಒಂದು ಪ್ರಶ್ನೆ ಕೇಳಬೇಕು. "ಇದರ ಬಗ್ಗೆ ಈಗ ಒಟ್ಟಿಗೆ ಯೋಚನೆ ಮಾಡೋಣವಾ, ಅಥವಾ ಇವತ್ತಿಗೆ ಸಾಕಾ?" ಒಪ್ಪಿಗೆ ಇಲ್ಲದೆ ಕೊಟ್ಟ ಸಲಹೆ ಎರಡನೇ ಟೀಕೆಯಾಗುತ್ತದೆ.

ಒಪ್ಪಿದರೆ ಶುರುವಾಗುವುದು ಹೆಕ್ಕುವ ಕೆಲಸ. ನಮ್ಮಲ್ಲಿ ಅಡಿಕೆ ಸುಲಿದ ಮೇಲೆ ಎಲ್ಲವನ್ನೂ ಒಂದೇ ಗೋಣಿಗೆ ತುಂಬಿಸುವುದಿಲ್ಲ. ಒಳ್ಳೆಯದು ಬೇರೆ, ಗುಣಮಟ್ಟ ಕಡಿಮೆಯಾದ ಅಡಿಕೆಯಲ್ಲೂ ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕರಿಗೋಟು ಬೇರೆ. ಎಲ್ಲಕ್ಕೂ ಅದರದರ ಬೆಲೆ ಇದೆ. ಹೆಕ್ಕದೆ ಒಟ್ಟಿಗೆ ತೂಗಿದರೆ ನಷ್ಟ ನಮಗೇ. ಟೀಕೆಯನ್ನೂ ಹೀಗೆ ಜಗಲಿಯಲ್ಲಿ ಹರಡಿ ಕೂರಬೇಕು.

ನಾವು ಒಂದು ಕಾಗದ ತೆಗೆದುಕೊಂಡು ಆ ತಂದೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆವು. ಬರೆಯುವಾಗಲೇ ಮೊದಲ ಸಂಗತಿ ಗೊತ್ತಾಯಿತು. ಅವಳು ಬಂದ ಕೂಡಲೇ ನನಗೆ ಹೇಳಿದ್ದು "ನನಗೆ ಪಾಠ ಮಾಡಲು ಬರುವುದಿಲ್ಲ ಎಂದರು" ಎಂದು. ಅವರು ಆ ಮಾತನ್ನು ಹೇಳಿರಲೇ ಇಲ್ಲ. ಕಿವಿಗೆ ಬಿದ್ದದ್ದು ಒಂದು, ಮನಸ್ಸು ಬರೆದುಕೊಂಡದ್ದು ಇನ್ನೊಂದು. ಇದು ಎಲ್ಲರಿಗೂ ಆಗುತ್ತದೆ.

ಅವರು ಹೇಳಿದ್ದರಲ್ಲಿ ಮೂರು ತುಂಡು ಇತ್ತು. ಹಿಂದಿನ ಬೆಂಚಿಗೆ ಕೇಳುವುದಿಲ್ಲ ಎಂಬುದು ಪರೀಕ್ಷೆ ಮಾಡಿ ನೋಡಬಹುದಾದ ಮಾತು. ಮಕ್ಕಳು ಗಲಾಟೆ ಮಾಡುತ್ತಾರೆ ಎಂಬುದು ಅರ್ಧ ನಿಜ, ಊಟದ ನಂತರದ ಪಿರಿಯಡ್‌ನಲ್ಲಿ ಮಾತ್ರ ಎಂದಳು. ಅನುಭವ ಇಲ್ಲದವರು ಎಂಬ ಮೂರನೆಯದು ಅವಳು ಬದಲಾಯಿಸಬಹುದಾದ ವಿಷಯವೇ ಅಲ್ಲ. ಹೊಸಬರಿಗೆ ಅನುಭವ ಎಲ್ಲಿಂದ ಬರಬೇಕು? ಅತಿ ಜಾಸ್ತಿ ಕುಟುಕಿದ್ದು ಆ ಮೂರನೆಯದು. ಕೆಲಸಕ್ಕೆ ಬರುವುದು ಮೊದಲನೆಯದು.

ಈ ವಿಂಗಡಣೆ ಯಾಕೆ ಮುಖ್ಯ ಎಂಬುದಕ್ಕೆ ಒಂದು ದೊಡ್ಡ ಆಧಾರ ಇದೆ. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡೆನೀಸಿ ಎಂಬ ಸಂಶೋಧಕರು 1996ರಲ್ಲಿ, ಕೆಲಸದ ಬಗ್ಗೆ ಅಭಿಪ್ರಾಯ ಹೇಳಿದರೆ ಏನಾಗುತ್ತದೆ ಎಂಬ ಹಳೆಯ ಅಧ್ಯಯನಗಳಿಂದ 607 ಫಲಿತಾಂಶಗಳನ್ನು ಒಟ್ಟು ಹಾಕಿದರು. ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು. ಆದರೆ ಮೂರನೇ ಒಂದಕ್ಕಿಂತ ಜಾಸ್ತಿ ಕಡೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಅವರು ಕೊಟ್ಟ ವಿವರಣೆ ಹೀಗೆ: ಗಮನ ಕೆಲಸದ ಮೇಲೆ ನಿಂತರೆ ಉಪಯೋಗ, "ನಾನು ಎಂಥವನು" ಎಂಬಲ್ಲಿಗೆ ಜಾರಿದರೆ ಹಾನಿ. ಪಕ್ಕದಲ್ಲಿ ಕೂತವರು ಮಾಡಬಹುದಾದ ದೊಡ್ಡ ಉಪಕಾರ ಇದೇ, "ನಾನು ಟೀಚರ್ ಆಗಲು ಲಾಯಕ್ಕಿಲ್ಲ" ಎಂಬಲ್ಲಿಂದ "ಹಿಂದಿನ ಬೆಂಚಿಗೆ ಸ್ವರ ಮುಟ್ಟಿಸುವುದು ಹೇಗೆ" ಎಂಬಲ್ಲಿಗೆ ಮಾತನ್ನು ಮೆಲ್ಲ ತಿರುಗಿಸುವುದು.

## ಭಾಷೆಯ ಮೇಲೆ ಬಿದ್ದ ಟೀಕೆ

ಕಾಸರಗೋಡಿನವರಿಗೆ ಇದೊಂದು ಬೇರೆಯೇ ಗಾಯ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅಂದಿನಿಂದ ಮನೆ ಮತ್ತು ಶಾಲೆ ಕನ್ನಡದಲ್ಲಿ, ಕಚೇರಿ ಮಲೆಯಾಳದಲ್ಲಿ ಎಂಬಂತೆ ಬದುಕಿದವರು ಸಾವಿರಾರು ಜನ. ಕೌಂಟರಿನಲ್ಲಿ "ನಿಮ್ಮ ಮಲೆಯಾಳ ಅರ್ಥ ಆಗುವುದಿಲ್ಲ" ಎಂಬ ಮಾತು. ಮಂಗಳೂರಿಗೋ ಬೆಂಗಳೂರಿಗೋ ಕಲಿಯಲು ಹೋದರೆ "ನಿಮ್ಮ ಕನ್ನಡ ಎಂತ ಹೀಗೆ?" ಎಂಬ ನಗು. ತುಳು, ಮಲೆಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲ ಬೆರೆತ ಊರಿನ ಮಗುವಿಗೆ ಎರಡು ಕಡೆಯೂ ತಾನು ಹೊರಗಿನವನು ಎನಿಸುತ್ತದೆ.

ಇಂಥ ಟೀಕೆ ನಾಲಿಗೆಯ ಮೇಲೆ ಬಿದ್ದರೂ ತಾಗುವುದು ಮನೆಗೆ, ಅಮ್ಮನಿಗೆ, ಊರಿಗೆ. ಹಾಗಾಗಿ ಇಲ್ಲಿ ಹೆಕ್ಕುವಾಗ ಇನ್ನೂ ಜಾಗ್ರತೆ ಬೇಕು. "ಅರ್ಜಿಯಲ್ಲಿ ಈ ಪದ ತಪ್ಪಿದೆ" ಎಂಬುದನ್ನು ಕಲಿತು ಸರಿ ಮಾಡಬಹುದು. "ನೀವು ಹೀಗೆಯೇ" ಎಂಬುದನ್ನು ಮನೆಗೆ ಹೊತ್ತು ತರಬೇಕಾಗಿಲ್ಲ. ಈ ಮಗು ದಿನಕ್ಕೆ ಮೂರು ಭಾಷೆಯಲ್ಲಿ ವ್ಯವಹಾರ ಮಾಡುತ್ತದೆ ಎಂಬುದನ್ನು ಯಾರಾದರೂ ಬಾಯಿ ಬಿಟ್ಟು ಹೇಳಬೇಕು. ಮನೆಯವರೇ ಹೇಳದಿದ್ದರೆ ಮತ್ತೆ ಯಾರು?

## ಉತ್ತರ ಅವರದೇ ಆಗಿರಲಿ

ಯಕ್ಷಗಾನದ ಇನ್ನೊಂದು ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ, ಪಾತ್ರಗಳಾಗಿ ಕೂತು ಮಾತಾಡುವ ಅರ್ಥಧಾರಿಗಳ ಮಾತು, ಅಷ್ಟೇ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು. ನಮ್ಮ ಕುಂಬಳೆ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿ, ರಾವಣನಂಥ ಪಾತ್ರಗಳ ಅರ್ಥಕ್ಕೆ ಹೆಸರಾದವರು. ಅಂಥ ವಾಲಿಯ ಎದುರು ಕೂತ ರಾಮನಿಗೆ ಸುಲಭವಿಲ್ಲ. ಒಳ್ಳೆಯ ಅರ್ಥಧಾರಿ ಸಿಟ್ಟಾಗುವುದಿಲ್ಲ. ಆರೋಪವನ್ನು ಪೂರ್ತಿ ಕೇಳುತ್ತಾರೆ, "ನೀನು ಹೇಳುವುದು ಹೀಗೆ ತಾನೆ?" ಎಂದು ಅದನ್ನೇ ಎತ್ತಿಕೊಳ್ಳುತ್ತಾರೆ, ಆಮೇಲೆ ಉತ್ತರ. ಪಕ್ಕದಲ್ಲಿ ಕೂತ ಲಕ್ಷ್ಮಣ ರಾಮನ ಉತ್ತರವನ್ನು ತಾನೇ ಹೇಳಿ ಮುಗಿಸಿದರೆ ಪ್ರಸಂಗ ಕೆಡುತ್ತದೆ.

ನಾವೂ ಆ ಲಕ್ಷ್ಮಣನ ಜಾಗದಲ್ಲಿ ಇದ್ದೇವೆ. ಮಗಳ ಪರವಾಗಿ ಶಾಲೆಗೆ ಫೋನ್ ಮಾಡುವುದು, ತಮ್ಮನ ಪರವಾಗಿ ವಾಟ್ಸಾಪ್ ಗುಂಪಿನಲ್ಲಿ ಜಗಳಕ್ಕೆ ಇಳಿಯುವುದು, ಇದೆಲ್ಲ ಅವರ ಬಾಯಿಯಿಂದ ಮಾತು ಕಸಿದ ಹಾಗೆ. ಚಿಕ್ಕ ಮಕ್ಕಳಾದರೆ ದೊಡ್ಡವರು ಮಾತಾಡಬೇಕಾಗಬಹುದು. ಬೆಳೆದವರಿಗೆ ತಾಲೀಮು ಮಾಡಿಸಿದರೆ ಸಾಕು. ನಾನು ಆ ತಂದೆಯ ಜಾಗದಲ್ಲಿ ಕೂತೆ, ಅವಳು ಹೇಳಿ ನೋಡಿದಳು. ಮೊದಲ ಸಲ ಬಂದದ್ದು ದೊಡ್ಡ ಸಮರ್ಥನೆ. ಎರಡನೇ ಸಲ ಬರೀ ಕ್ಷಮೆ ಕೇಳಿದಳು. ಮೂರನೇ ಸಲ ಹೀಗೆ ಬಂತು: "ಸ್ವರ ಹಿಂದಕ್ಕೆ ಮುಟ್ಟುವುದಿಲ್ಲ ಎಂದಿರಿ. ನಾನು ಗಮನಿಸಿರಲಿಲ್ಲ, ಸರಿ ಮಾಡ್ತೇನೆ. ಇನ್ನು ಮುಂದೆ ಏನಾದರೂ ಇದ್ದರೆ ಮೊದಲು ನನ್ನ ಹತ್ತಿರ ಹೇಳಿ."

ಈ ಮೂರು ವಾಕ್ಯದಲ್ಲಿ ಕೇಳಿಸಿಕೊಂಡದ್ದೂ ಇದೆ, ಒಪ್ಪಬೇಕಾದಷ್ಟು ಒಪ್ಪಿದ್ದೂ ಇದೆ, ಎಲ್ಲರ ಎದುರು ಹೇಳಿದ್ದು ಸರಿಯಾಗಲಿಲ್ಲ ಎಂಬುದೂ ಇದೆ. ಮೂರನೇ ತುಂಡಿಗೆ, ಅಂದರೆ ಅನುಭವದ ಮಾತಿಗೆ, ಉತ್ತರವೇ ಇಲ್ಲ. ಎಲ್ಲದಕ್ಕೂ ಉತ್ತರ ಕೊಡಬೇಕೆಂದಿಲ್ಲ.

ತಕ್ಷಣ ಉತ್ತರ ಹೊಳೆಯದಿದ್ದರೆ "ಯೋಚನೆ ಮಾಡಿ ಹೇಳ್ತೇನೆ" ಎಂಬುದೇ ಪೂರ್ಣ ಉತ್ತರ. ಬರೆದು ಕಳಿಸುವುದಾದರೆ ರಾತ್ರಿ ಬರೆದದ್ದನ್ನು ಬೆಳಿಗ್ಗೆ ಒಮ್ಮೆ ಓದಿ ಕಳಿಸುವುದು ಒಳ್ಳೆಯದು.

## ಉತ್ತರವೇ ಬೇಡದ ಕಡೆ

ಜಾತಿ, ಬಣ್ಣ, ಮೈಕಟ್ಟು, ಧರ್ಮ ಹಿಡಿದು ಆಡುವ ಮಾತು, ದಿನವೂ ಒಬ್ಬರನ್ನೇ ಗುರಿ ಮಾಡುವ ಹೀಯಾಳಿಕೆ, ಬೆದರಿಕೆ, ಇವು ಟೀಕೆಯ ಸಾಲಿಗೆ ಸೇರುವುದಿಲ್ಲ. ಇವುಗಳಲ್ಲಿ ಹೆಕ್ಕಲು ಏನೂ ಇಲ್ಲ. ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು, ಶಾಲೆಯಾದರೆ ಮುಖ್ಯೋಪಾಧ್ಯಾಯರಿಗೆ, ಕೆಲಸದ ಜಾಗವಾದರೆ ಮೇಲಿನವರಿಗೆ ಲಿಖಿತವಾಗಿ ತಿಳಿಸಲು ಜೊತೆಗೆ ಹೋಗಿ. ಮಕ್ಕಳಿಗಾಗಿ 1098 ಸಹಾಯವಾಣಿ ಇದೆ. ನೊಂದವರು ಊಟ, ನಿದ್ದೆ ಬಿಟ್ಟು ದಿನಗಟ್ಟಲೆ ಮೌನವಾಗಿದ್ದರೆ, ಬದುಕುವುದೇ ಬೇಡ ಎಂಬ ಮಾತು ಬಂದರೆ, ಅದನ್ನು ಸಸಾರ ಮಾಡಬೇಡಿ, ಅವರನ್ನು ಒಬ್ಬರೇ ಬಿಡಬೇಡಿ. ಮಾನಸಿಕ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ದಿನದ ಯಾವ ಹೊತ್ತಿನಲ್ಲೂ ಹಣವಿಲ್ಲದೆ ಕರೆ ಮಾಡಬಹುದು. ಕೇರಳದ ದಿಶಾ ಆರೋಗ್ಯ ಸಹಾಯವಾಣಿಯ ನಂಬರು 1056.

## ಆಮೇಲೆ ಒಮ್ಮೆ ವಿಚಾರಿಸುವುದು

ಒಂದು ಸಂಜೆ ಕೂತು ಕೇಳಿದರೆ ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಎರಡು ದಿನ ಬಿಟ್ಟು "ಹೇಗಾಯಿತು?" ಎಂದು ಒಂದು ಫೋನ್ ಮಾಡುವುದೂ ಅದರ ಭಾಗ. "ಸರಿ ಮಾಡಿದೆಯಾ?" ಎಂದು ಕೇಳಬಾರದು, ಅದು ಲೆಕ್ಕ ಕೇಳಿದ ಹಾಗೆ.

ಸೋಮವಾರ ಅವಳು ಹೋದಳು. ಕೊನೆಯ ಬೆಂಚಿನ ಹುಡುಗನನ್ನೇ ಕರೆದು, "ನನ್ನ ಸ್ವರ ಕೇಳದಿದ್ದರೆ ಕೈ ಎತ್ತು" ಎಂದು ಹೇಳಿದ್ದಳಂತೆ. ಮೊದಲ ಪಿರಿಯಡ್‌ನಲ್ಲಿ ಅವನು ನಾಲ್ಕು ಸಲ ಎತ್ತಿದ. ಬುಧವಾರ ಒಂದೇ ಸಲ. ಆ ತಂದೆ ಗೇಟಿನ ಹತ್ತಿರ ಸಿಕ್ಕಿದಾಗ ಅಭ್ಯಾಸ ಮಾಡಿದ ಮೂರು ವಾಕ್ಯವನ್ನೂ ಹೇಳಿದಳು. ಅವರು "ಆಯ್ತು ಟೀಚರೇ" ಎಂದು ಸ್ಕೂಟರ್ ಹತ್ತಿದರು, ಅಷ್ಟೇ.

ಈ ಶುಕ್ರವಾರವೂ ಬಸ್ಸಿಳಿದು ನಮ್ಮಲ್ಲಿಗೇ ಬಂದಳು. ಚಪ್ಪಲಿ ಕಳಚಿ ಸೀದಾ ಅಡುಗೆಮನೆಗೆ ಬಂದು, ಒಡೆದ ಸ್ವರದಲ್ಲಿ, "ಚಿಕ್ಕಮ್ಮ, ಗಂಟಲು ಕೂತಿದೆ. ಕಾಳುಮೆಣಸಿನ ಕಷಾಯ ಉಂಟಾ?" ಎಂದು ಕೇಳಿದಳು.